ಮತದ ಮನೆಯಲ್ಲಿ ನ್ಯಾಯಶಾಲೆ

ಮತಾಚಾರವನ್ನೂ ನ್ಯಾಯವನ್ನೂ ನಾವು ‘ಧರ್ಮ’ವೆಂಬ ಒಂದೇ ಮಾತಿನಲ್ಲಿ ಅಡಗಿಸಿದ್ದೇವೆ. ಇವೆರಡೂ ಎದುರುಬದುರಾಗಿ ನಿಂತರೆ ಒದಗುವ ಇಕ್ಕಟ್ಟನ್ನು ಕೆನಡಾದ ಮೊಕದ್ದಮೆಯೊಂದು ಕಾಣಿಸಿತು.

ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಲ್ಯಾಂಗ್ಲಿಯಲ್ಲಿ 1962ರಲ್ಲಿ ಆರಂಭವಾದ ಕ್ರೈಸ್ತ ವಿದ್ಯಾಸಂಸ್ಥೆ ಟ್ರಿನಿಟಿ ವೆಸ್ಟರ್ನ್ ವಿಶ್ವವಿದ್ಯಾನಿಲಯ. 2012ರಲ್ಲಿ ಅದು ಕಾನೂನು ಶಾಲೆಯೊಂದನ್ನು ತೆರೆಯಹೊರಟಿತು. ಸೇರುವವರು, ಸ್ತ್ರೀಪುರುಷರ ವಿವಾಹದ ಹೊರಗೆ ದೇಹಸಂಬಂಧ ಸಲ್ಲದೆಂಬ ಪ್ರತಿಜ್ಞಾಪತ್ರಕ್ಕೆ ಸಹಿ ಮಾಡಬೇಕಿತ್ತು. ಆದರೆ 2005ರಿಂದ ಆ ದೇಶದಾದ್ಯಂತ ಸಲಿಂಗ ವಿವಾಹ ಶಾಸನಸಮ್ಮತ. ಅಂಥವರಿಗೆ ಇದು ಬಾಗಿಲು ಮುಚ್ಚಿದಂತೆಯೇ ಸರಿಯೆಂದು ಎರಡು ಪ್ರಾಂತಗಳ ವಕೀಲರ ಮಂಡಲಿಗಳು ಮನ್ನಣೆಯನ್ನು ನಿರಾಕರಿಸಿದುವು.

ಶಿಕ್ಷಕರ ತರಬೇತಿಯ ಕುರಿತ ಇಂಥದೇ ವ್ಯಾಜ್ಯವನ್ನು 2001ರಲ್ಲಿ ಗೆದ್ದಿದ್ದ ವಿಶ್ವವಿದ್ಯಾನಿಲಯ, 2018ರ ಜೂನ್ 15ರಂದು ಅದೇ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಏಳು ಮಂದಿ ಮಂಡಲಿಗಳ ಪರ ನಿಂತರು. ಶ್ರದ್ಧೆಗೆ ಕೊಂಚ ಅಡ್ಡಿಯಾದರೂ ವಕೀಲವೃತ್ತಿಯ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿರಬೇಕೆಂಬುದು ಬಹುಮತದ ತಿರುಳು. ಅದೇ ವರ್ಷದ ಆಗಸ್ಟಿನಲ್ಲಿ ವಿಶ್ವವಿದ್ಯಾನಿಲಯವು ವಿದ್ಯಾರ್ಥಿಗಳ ಮಟ್ಟಿಗೆ ಪ್ರತಿಜ್ಞೆಯನ್ನು ಐಚ್ಛಿಕಗೊಳಿಸಿತು.

ಗುರುಮನೆ ತನ್ನ ಶಿಷ್ಯನಿಂದ ನಿಯಮಪಾಲನೆಯನ್ನು ಬೇಡುವುದು ಸಹಜ. ಆದರೆ ನ್ಯಾಯಸ್ಥಾನಕ್ಕೆ ಹೋಗುವ ಹಾದಿ ಯಾವ ಗುರುಮನೆಯ ಸ್ವತ್ತೂ ಅಲ್ಲ.