ಬಳಸಿದ ವಿದ್ಯುತ್ ಮೋಟಾರು ಕೊಳ್ಳುವ ಗೃಹಸ್ಥರಿಗೆ

ಎತ್ತು ಕೊಳ್ಳಲು ದನದ ಸಂತೆಗೆ ಹೋದ ಒಕ್ಕಲಿಗನು ಅದರ ಕೊಂಬಿಗೆ ಬಳಿದ ಬಣ್ಣವನ್ನು ನೋಡಿ ಮರುಳಾಗುವದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಯಿಸುತ್ತಾನೆ, ಆ ಬಳಿಕವೇ ದಲಾಲನೊಡನೆ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು ತೆಗೆಯುತ್ತಾನೆ. ಇಂಥ ಮನೆತನದವರೇ ಬಳಸಿದ ವಿದ್ಯುತ್ ಮೋಟಾರನ್ನು ಕೊಳ್ಳಹೊರಟಾಗ ಆ ಜಾಣತನವನ್ನು ಮನೆಯಲ್ಲಿಯೇ ಬಿಟ್ಟು ಹೋಗುವದು ನಮಗೆ ಸೋಜಿಗವೆನಿಸುತ್ತದೆ. ಮೈ ಹೊಳೆಯುತ್ತದೆ, ಸಪ್ಪಳವಿಲ್ಲದೆ ಓಡುತ್ತದೆ, ಪೆಟ್ರೋಲಿನ ಖರ್ಚಿಲ್ಲ ಎಂಬಷ್ಟಕ್ಕೇ ಮುಂಗಡ ಕೊಟ್ಟುಬಿಡುತ್ತಾರೆ. ಆರೇಳು ಲಕ್ಷ ರೂಪಾಯಿ ಎಂದರೆ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮಧ್ಯಮ ಸ್ಥಿತಿಯ ಕುಟುಂಬಕ್ಕೆ ಹಲವು ವರುಷ ಕೂಡಿಟ್ಟ ಗಂಟು. ಅದನ್ನು ಬಿಚ್ಚುವ ಮುನ್ನ ತುಸು ವಿಚಾರ ಮಾಡುವದು ಒಳಿತು.

ಮೊದಲು ಅಳೆಯತಕ್ಕದ್ದು ಗಾಡಿಯನ್ನಲ್ಲ, ತನ್ನ ಹಾದಿಯನ್ನು. ಕೊಪ್ಪಳದಿಂದ ಯಲಬುರ್ಗೆಗೆ ಸುಮಾರು ೪೦ ಕಿಲೋಮೀಟರು, ಗಂಗಾವತಿಗೆ ಸುಮಾರು ೪೫, ಕುಷ್ಟಗಿಗೆ ೬೦ರ ಆಸುಪಾಸು. ಜಿಲ್ಲಾ ಕಚೇರಿಗೆ ನಿತ್ಯ ಹೋಗಿಬರುವ ನೌಕರನಾಗಲಿ, ಅಂಗಡಿಯ ಸರಕಿಗಾಗಿ ಗಂಗಾವತಿಗೆ ಓಡಾಡುವ ವ್ಯಾಪಾರಿಯಾಗಲಿ, ದಿನಕ್ಕೆ ೧೨೫ ಕಿಲೋಮೀಟರು ಮೀರಿ ಹೋಗುವದು ಅಪರೂಪ. ಇಷ್ಟು ಹಾದಿಗೆ ಸಣ್ಣ ಬ್ಯಾಟರಿಯ ಗಾಡಿಯೂ ಸಾಕು. ಆದರೆ ಹುಬ್ಬಳ್ಳಿಯ ಮಾತು ಬೇರೆ. ಅದು ಕೊಪ್ಪಳದಿಂದಲೇ ಸುಮಾರು ೧೨೦ ಕಿಲೋಮೀಟರು ದೂರ, ಹೋಗಿಬಂದರೆ ೨೪೦. ನಡುರಾತ್ರಿಯಲ್ಲಿ ಮನೆಯ ಹಿರಿಯರಿಗೆ ಎದೆನೋವು ಬಂದು ಹುಬ್ಬಳ್ಳಿಯ ದವಾಖಾನೆಗೆ ಓಡಬೇಕಾದಾಗ, ಸಂಜೆಯವರೆಗೆ ತಿರುಗಿದ ಗಾಡಿಯು ಶೇಕಡಾ ೩೦ರಷ್ಟು ಮಾತ್ರ ಶಕ್ತಿ ಉಳಿಸಿಕೊಂಡು ಅಂಗಳದಲ್ಲಿ ನಿಂತಿದ್ದರೆ ಏನು ಗತಿ? ಮನೆಯಲ್ಲಿ ಇದೊಂದೇ ವಾಹನವಾಗುವದಿದ್ದರೆ, ಈ ಪ್ರಶ್ನೆಗೆ ಉತ್ತರ ಸಿಕ್ಕುವವರೆಗೆ ಬೇರೆ ಯಾವ ಮಾತನ್ನೂ ಆಡಬಾರದೆಂದು ನಾವು ಹೇಳುತ್ತೇವೆ.

ಕಂಪನಿಯವರು ಹೇಳುವ ದೂರವನ್ನು ನಂಬಿ ಈ ಲೆಕ್ಕ ಹಾಕಲಾಗದು. ೨೦೨೦ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನೆಕ್ಸಾನಿಗೆ ೩೦.೨ ಯೂನಿಟ್ಟಿನ ಬ್ಯಾಟರಿ. ಒಮ್ಮೆ ತುಂಬಿದರೆ ೩೧೨ ಕಿಲೋಮೀಟರೆಂದು ಪ್ರಮಾಣಪತ್ರ. ೨೦೨೧ರ ಆಗಸ್ಟಿನ ಟಿಗೋರಿಗೆ ೨೬ ಯೂನಿಟ್ಟು, ೩೦೬ ಕಿಲೋಮೀಟರು. ೨೦೨೨ರ ಟಿಯಾಗೋದ ದೊಡ್ಡ ಬ್ಯಾಟರಿಗೆ ೨೪ ಯೂನಿಟ್ಟು, ೩೧೫ ಕಿಲೋಮೀಟರು. ಇವು ಪರೀಕ್ಷಾಶಾಲೆಯ ಅಂಕಿಗಳು. ನಾಲ್ಕು ಜನ ಕುಳಿತು, ವೈಶಾಖದ ಬಿಸಿಲಿನಲ್ಲಿ ತಂಪಿನ ಯಂತ್ರ ಹಚ್ಚಿಕೊಂಡು ಹೆದ್ದಾರಿಯಲ್ಲಿ ಓಡಿದರೆ ಇವುಗಳಲ್ಲಿ ಮೂರರಲ್ಲಿ ಎರಡು ಪಾಲು ಕೈಗೆ ಹತ್ತಿದರೆ ಸಾಕೆನ್ನಬೇಕು. ಗಾಡಿ ಹಳತಾದಂತೆ ಅದೂ ಕುಗ್ಗುವದು.

ಎತ್ತಿಗೆ ಹಲ್ಲು ಹೇಗೋ ಈ ಗಾಡಿಗೆ ಬ್ಯಾಟರಿ ಹಾಗೆ. ವಯಸ್ಸು ಅಡಗಿರುವದೂ ಅಲ್ಲಿಯೇ, ಬೆಲೆ ಅಡಗಿರುವದೂ ಅಲ್ಲಿಯೇ. ಗಾಜಿನ ಫಲಕದ ಮೇಲೆ ‘ಇನ್ನು ಇಷ್ಟು ಕಿಲೋಮೀಟರು’ ಎಂದು ಮೂಡುವ ಅಂಕಿಯನ್ನು ನೋಡಿ ಬ್ಯಾಟರಿಯನ್ನು ಅಳೆಯಬಾರದು; ಹಿಂದಿನ ದಿನ ಯಾರೋ ಮೆಲ್ಲಗೆ ಓಡಿಸಿದ್ದರೆ ಅದು ತಾನಾಗಿ ಏರಿರುತ್ತದೆ. ರಾತ್ರಿಯೆಲ್ಲ ಚಾರ್ಜು ಮಾಡಿಸಿ, ಶೇಕಡಾ ೧೦೦ ತುಂಬಿದ ಗಾಡಿಯನ್ನು ಬೆಳಿಗ್ಗೆ ಪಡೆದು, ಮಾರುವವನನ್ನೂ ಪಕ್ಕದಲ್ಲಿ ಕೂಡ್ರಿಸಿಕೊಂಡು ೯೦ ಕಿಲೋಮೀಟರು ಓಡಿಸಬೇಕು. ಕೊಪ್ಪಳದಿಂದ ಗಂಗಾವತಿಗೆ ಹೋಗಿಬಂದರೆ ಸರಿಯಾಗುತ್ತದೆ. ಆಗ ಎರಡು ಅಂಕಿಗಳನ್ನು ಬರೆದುಕೊಳ್ಳಬೇಕು: ಶೇಕಡಾ ಎಷ್ಟು ಇಳಿಯಿತು, ಕಿಲೋಮೀಟರಿಗೆ ಎಷ್ಟು ವಿದ್ಯುತ್ತು ವ್ಯಯವಾಯಿತು. ೨೬ ಯೂನಿಟ್ಟಿನ ಟಿಗೋರು ಕಿಲೋಮೀಟರಿಗೆ ೦.೧೩ ಯೂನಿಟ್ಟಿನಂತೆ ವ್ಯಯಿಸಿ ೫೦ ಪಾಲು ಇಳಿದಿದ್ದರೆ, ೧೧.೭ ಯೂನಿಟ್ಟಿಗೆ ಅರ್ಧ ಬ್ಯಾಟರಿ ತೀರಿತೆಂದಾಯಿತು; ಅಂದ ಬಳಿಕ ಪೂರ್ಣ ಬ್ಯಾಟರಿಯು ೨೩.೪. ಹೊಸ ಗಾಡಿಯಲ್ಲಿಯೂ ತುಸು ಭಾಗವನ್ನು ಕಾಪಿಗಾಗಿ ತೆಗೆದಿಟ್ಟಿರುವದರಿಂದ ಇದು ಒಳ್ಳೆಯ ಬ್ಯಾಟರಿಯೇ ಸರಿ. ಲೆಕ್ಕವು ೧೯–೨೦ಕ್ಕೆ ಬಂದರೆ ಬೆಲೆಯನ್ನು ಬಹಳವಾಗಿ ಇಳಿಸಬೇಕು, ಇಲ್ಲವೆ ಬೆನ್ನು ತಿರುಗಿಸಬೇಕು. ಇಷ್ಟು ಪರೀಕ್ಷೆಗೆ ಒಪ್ಪದ ಮಾರಾಟಗಾರನೊಡನೆ ವಾದ ಬೇಡ. ಕಂಪನಿಯ ದುರಸ್ತಿ ಕೇಂದ್ರದಿಂದ ಬ್ಯಾಟರಿಯ ಆರೋಗ್ಯದ ವರದಿಯನ್ನು ಬರವಣಿಗೆಯಲ್ಲಿ ತರಿಸಿಕೊಂಡರೆ ಇನ್ನೂ ಒಳ್ಳೆಯದು.

ಬ್ಯಾಟರಿಯ ಜಾತಿಯನ್ನೂ ಕೇಳಬೇಕು. ಕಬ್ಬಿಣ–ಫಾಸ್ಫೇಟಿನ ಲಿಥಿಯಂ ಬ್ಯಾಟರಿಯು ತೂಕದಲ್ಲಿ ಹೆಚ್ಚಾದರೂ ಕಾವನ್ನು ಚೆನ್ನಾಗಿ ತಾಳುತ್ತದೆ, ಹೆಚ್ಚು ಸಲ ತುಂಬಿಸಿಕೊಳ್ಳುತ್ತದೆ. ಮೇಲೆ ಹೇಳಿದ ಮೂರೂ ಟಾಟಾ ಗಾಡಿಗಳದು ಇದೇ ಜಾತಿ. ನಮ್ಮ ಬಿಸಿಲಿಗೆ ಇದು ಮೇಲು.

ಹೆಸರು ಒಂದೇ ಇದ್ದ ಮಾತ್ರಕ್ಕೆ ಗಾಡಿಯೂ ಒಂದೇ ಎಂದು ತಿಳಿಯಬಾರದು. ೨೦೧೯ರಲ್ಲಿ ಬಂದ ಟಿಗೋರು ಬೇರೆ, ೨೦೨೧ರದು ಬೇರೆ. ಹಳೆಯದಕ್ಕೆ ೨೧.೫ ಯೂನಿಟ್ಟು, ೨೧೩ ಕಿಲೋಮೀಟರಿನ ಪ್ರಮಾಣಪತ್ರ. ಅದರ ವೇಗದ ಚಾರ್ಜಿನ ತೂತು ಇಂದಿನ ಹೆದ್ದಾರಿಯ ಸಾಮಾನ್ಯ ಚಾರ್ಜು ಕೇಂದ್ರಗಳಿಗೆ ಕೂಡುವದಿಲ್ಲ. ಬೆಲೆ ಅಗ್ಗವೆಂದು ಕೈ ಹಾಕಿದವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ. ೨೦೦೧ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ರೇವಾ ನಮ್ಮ ನಾಡಿನ ಹೆಮ್ಮೆ. ಲಂಡನ್ ನಗರದ ಬೀದಿಗಳಲ್ಲಿಯೂ ಅದು ಓಡಿತು. ಮಹೀಂದ್ರಾದವರು ೨೦೧೦ರಲ್ಲಿ ಆ ಕಂಪನಿಯನ್ನು ಕೈಗೆ ತೆಗೆದುಕೊಂಡು ೨೦೧೩ರಲ್ಲಿ ಇ–ಟು–ಓ ಎಂಬುದನ್ನು ಹೊರಡಿಸಿದರು. ಆದರೆ ತಯಾರಿಕೆ ನಿಂತ ಗಾಡಿಯ ಬಿಡಿಭಾಗಕ್ಕಾಗಿ ಕುಷ್ಟಗಿಯಿಂದ ಬೆಂಗಳೂರಿಗೆ ಅಲೆಯುವದು ಸಂಸಾರಸ್ಥನ ಕೆಲಸವಲ್ಲ. ಅಭಿಮಾನವನ್ನು ಮನಸ್ಸಿನಲ್ಲಿಟ್ಟುಕೊಂಡು ಹಣವನ್ನು ಬೇರೆಡೆ ಹಾಕಬೇಕು. ಇನ್ನು ೨೦೨೩ರ ಎಂ. ಜಿ. ಕಾಮೆಟ್ಟು ೧೭.೩ ಯೂನಿಟ್ಟಿನ ಪುಟ್ಟ ಗಾಡಿ. ಗಂಗಾವತಿಯ ಪೇಟೆಯ ಇಕ್ಕಟ್ಟಿಗೆ ಅದು ಹೇಳಿ ಮಾಡಿಸಿದಂತಿದೆ; ಹುಬ್ಬಳ್ಳಿಯ ಹಾದಿಗೆ ಅದನ್ನು ನೆಚ್ಚಬಾರದು, ಯಾಕಂದರೆ ಹೆದ್ದಾರಿಯ ವೇಗದ ಚಾರ್ಜು ಅದಕ್ಕೆ ಇಲ್ಲ.

ಫಲಕದ ಬಣ್ಣವೂ ಒಂದು ಸಾಕ್ಷಿ. ವಿದ್ಯುತ್ ಗಾಡಿಗಳ ಫಲಕ ಹಸುರು. ಸ್ವಂತದ್ದಕ್ಕೆ ಬಿಳಿ ಅಕ್ಷರ, ಬಾಡಿಗೆಯದಕ್ಕೆ ಹಳದಿ ಅಕ್ಷರ. ಬೆಂಗಳೂರಿನಲ್ಲಿ ಬಾಡಿಗೆಗೆ ಓಡಿ, ದಿನಕ್ಕೆರಡು ಸಲ ವೇಗದ ಚಾರ್ಜು ಕುಡಿದ ಗಾಡಿಯನ್ನು ಫಲಕ ಬದಲಿಸಿ ತಂದು ನಿಲ್ಲಿಸುವದುಂಟು. ಆದುದರಿಂದ ನೋಂದಣಿಯ ಪೂರ್ವಚರಿತ್ರೆಯನ್ನೂ ದುರಸ್ತಿಯ ದಾಖಲೆಯನ್ನೂ ಕೂಡಿಸಿ ನೋಡಬೇಕು. ಟಾಟಾದವರ ಬ್ಯಾಟರಿಯ ಭರವಸೆಯು ಎಂಟು ವರುಷ ಅಥವಾ ೧,೬೦,೦೦೦ ಕಿಲೋಮೀಟರು, ಯಾವುದು ಮೊದಲೋ ಅದು. ೨೦೨೦ರ ಜನವರಿಯಲ್ಲಿ ಕೊಂಡ ನೆಕ್ಸಾನಿಗೆ ಅದು ೨೦೨೮ರ ಜನವರಿಗೆ ತೀರುವದು. ಎರಡನೆಯ ಒಡೆಯನಿಗೆ ಅದು ನಡೆಯುವದೆಂಬ ಮಾತನ್ನು ಕಾಗದದ ಮೇಲೆ ಪಡೆಯತಕ್ಕದ್ದು.

ಗಾಡಿಯ ಪರೀಕ್ಷೆಗಿಂತ ಮನೆಯ ಪರೀಕ್ಷೆಯನ್ನು ಜನರು ಇನ್ನೂ ಕಡೆಗಣಿಸುತ್ತಾರೆ. ಈ ಗಾಡಿಗಳು ೧೫ ಆಂಪಿಯರಿನ ಸಾಕೆಟ್ಟಿನಿಂದ ಮೂರು ಕಿಲೋವ್ಯಾಟ್ಟಿನಷ್ಟನ್ನು ಎಂಟೊಂಬತ್ತು ತಾಸು ಎಡೆಬಿಡದೆ ಎಳೆಯುತ್ತವೆ. ಹಳೆಯ ಮನೆಗಳ ತಂತಿಗೆ ಅಷ್ಟು ಹೊರೆ ಹೊರಿಸಬಾರದು. ಬೇರೆ ತಂತಿ, ಬೇರೆ ಎಂ. ಸಿ. ಬಿ., ಸರಿಯಾದ ಅರ್ಥಿಂಗ್ ಮೂರೂ ಬೇಕು; ಅರ್ಥಿಂಗ್ ಕೆಟ್ಟಿದ್ದರೆ ಎಷ್ಟೋ ಗಾಡಿಗಳು ಚಾರ್ಜನ್ನೇ ಸ್ವೀಕರಿಸುವದಿಲ್ಲ. ಮಂಜೂರಾದ ಹೊರೆ ಸಾಲದಿದ್ದರೆ ಜೆಸ್ಕಾಂ ಕಚೇರಿಗೆ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಬೇಕು. ಯಲಬುರ್ಗಾ ಕುಷ್ಟಗಿಗಳ ಎರೆಹೊಲಗಳಲ್ಲಿ ಗಾಳಿಯಂತ್ರಗಳು ಹಗಲಿರುಳು ತಿರುಗುತ್ತಿದ್ದರೂ ಅವುಗಳ ನೆರಳಿನ ಹಳ್ಳಿಯಲ್ಲಿ ದೀಪ ಹೋಗುವದು ತಪ್ಪಿಲ್ಲವೆಂಬುದನ್ನು ಅಲ್ಲಿಯವರಿಗೆ ನಾವು ಹೇಳಬೇಕಾಗಿಲ್ಲ. ಅಂಥಲ್ಲಿ ಬ್ಯಾಟರಿ ಅರ್ಧಕ್ಕಿಳಿದ ಸಂಜೆಯೇ ಚಾರ್ಜಿಗೆ ಹಚ್ಚುವ ರೂಢಿ ಇರಲಿ.

ಉಳಿತಾಯವೆಷ್ಟು? ನೂರು ಕಿಲೋಮೀಟರಿಗೆ ಮನೆಯ ಮೀಟರಿನಲ್ಲಿ ೧೫ ಯೂನಿಟ್ಟು, ಯೂನಿಟ್ಟಿಗೆ ೭ ರೂಪಾಯಿ ಎಂದು ಹಿಡಿದರೆ ೧೦೫ ರೂಪಾಯಿ. ಲೀಟರಿಗೆ ೧೮ ಕಿಲೋಮೀಟರು ಓಡುವ ಪೆಟ್ರೋಲು ಗಾಡಿಗೆ, ಲೀಟರಿಗೆ ನೂರೇ ರೂಪಾಯಿ ಹಿಡಿದರೂ ೫೫೫. ತಿಂಗಳಿಗೆ ಸಾವಿರ ಕಿಲೋಮೀಟರು ಓಡಿಸುವವನಿಗೆ ೪,೫೦೦ ರೂಪಾಯಿ ಉಳಿಯಿತು. ಮುನ್ನೂರೂ ಓಡಿಸದವನು ಉಳಿತಾಯದ ಆಸೆಯಿಂದ ಇದನ್ನು ಕೊಳ್ಳುವದು ವ್ಯರ್ಥ.

ಬೆಲೆ ಕಟ್ಟುವಾಗ ಆ ಗಾಡಿ ಹೊಸದಿದ್ದಾಗ ಎಷ್ಟಿತ್ತೆಂಬುದನ್ನು ಮಾರುವವನು ಮುಂದೆ ಮಾಡುತ್ತಾನೆ. ೨೦೨೧ರ ಟಿಗೋರಿಗೆ ಆಗ ೧೧,೯೯,೦೦೦ ರೂಪಾಯಿಯಿಂದ ಬೆಲೆ ಇದ್ದುದು ನಿಜ. ಆದರೆ ೨೦೨೨ರಲ್ಲಿ ಹೊಸ ಟಿಯಾಗೋದ ಬೆಲೆ ೮,೪೯,೦೦೦ದಿಂದಲೇ ಆರಂಭವಾಯಿತು. ಆದುದರಿಂದ ಹಳೆಯದನ್ನು ಇಂದಿನ ಹೊಸದರೊಡನೆ ತೂಗಬೇಕು. ಅಂತರ ಎರಡು ಲಕ್ಷವೂ ಇಲ್ಲದಿದ್ದರೆ ಹೊಸದೇ ಮೇಲೆಂದು ನಮ್ಮ ಮತ. ಒಬ್ಬ ಗೃಹಸ್ಥನಿಂದ ಇನ್ನೊಬ್ಬ ಗೃಹಸ್ಥನು ನೇರವಾಗಿ ಕೊಂಡರೆ ಜಿ. ಎಸ್. ಟಿ. ಇಲ್ಲ, ನೋಂದಾಯಿತ ವ್ಯಾಪಾರಿಯ ಮಾರಾಟದಲ್ಲಿ ಅವನ ಲಾಭಾಂಶದ ಮೇಲೆ ಶೇಕಡಾ ೧೮ ತೆರಿಗೆಯೆಂದು ೨೦೨೪ರ ಡಿಸೆಂಬರದಲ್ಲಿ ಮಂಡಳಿಯು ನಿರ್ಣಯಿಸಿತು.

ಕೊನೆಗೆ, ಬೆಂಗಳೂರಿನಲ್ಲಿ ಕೊಂಡ ಗಾಡಿಯನ್ನು ಊರಿಗೆ ತರುವ ಹಾದಿ ೩೫೦ ಕಿಲೋಮೀಟರಿನಷ್ಟು. ತುಮಕೂರಿನಾಚೆ ಒಮ್ಮೆ, ಚಿತ್ರದುರ್ಗದ ಬಳಿ ಮತ್ತೊಮ್ಮೆ ಚಾರ್ಜಿಗೆ ನಿಲ್ಲಲು ಸ್ಥಳ ಗೊತ್ತುಮಾಡಿಕೊಂಡು, ಅಲ್ಲಿಯ ಯಂತ್ರ ನಡೆಯುತ್ತಿದೆಯೇ ಎಂದು ಹಿಂದಿನ ದಿನವೇ ವಿಚಾರಿಸಿ, ನಸುಕಿನಲ್ಲಿ ಹೊರಡಬೇಕು. ೨೯, ೩೦ನೆಯ ನಮೂನೆಗಳಿಗೆ ಮಾರುವವನ ರುಜು ಹಾಕಿಸಿಕೊಳ್ಳದೆ ಮಾತ್ರ ಹೊರಡಬಾರದು.