ಮೊಳೆಗೆ ತಾಮ್ರ ಎಲ್ಲಿಂದ ಬಂತು?

ಈ ಗಾಜಿನ ಲೋಟದಲ್ಲಿರುವ ನೀಲಿ ದ್ರಾವಣ ನೋಡಿ. ನೀರಿನಲ್ಲಿ ಕರಗಿಸಿದ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಅಡಿಕೆ ತೋಟಕ್ಕೆ ಕೊಳೆ ರೋಗ ಬಾರದಂತೆ ಸುಣ್ಣದ ಜೊತೆ ಬೆರೆಸಿ ಬೋರ್ಡೋ ದ್ರಾವಣ ಸಿಂಪಡಿಸುತ್ತಾರಲ್ಲ, ಅದರಲ್ಲಿರುವುದೂ ಇದೇ.

ಕಬ್ಬಿಣದ ಮೊಳೆಯೊಂದನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ, ದಾರ ಕಟ್ಟಿ ಇದರೊಳಗೆ ಇಳಿಬಿಡೋಣ. ತುಕ್ಕು, ಎಣ್ಣೆ ಉಳಿದಿರಬಾರದು.

20 ನಿಮಿಷ ಬಿಟ್ಟು ಎತ್ತಿ ನೋಡಿ. ಮೊಳೆಯ ಮೇಲೆ ಕೆಂಗಂದು ಲೇಪ! ಅದು ತುಕ್ಕಲ್ಲ, ತಾಮ್ರ. ತಾಮ್ರಕ್ಕಿಂತ ಕಬ್ಬಿಣ ಹೆಚ್ಚು ಕ್ರಿಯಾಶೀಲ. ಹಾಗಾಗಿ ಕಬ್ಬಿಣ ದ್ರಾವಣಕ್ಕೆ ಇಳಿಯಿತು, ತಾಮ್ರ ಹೊರಬಂದು ಮೊಳೆಗೆ ಅಂಟಿತು. ದ್ರಾವಣದ ನೀಲಿ ಮಾಸುತ್ತಾ ತಿಳಿ ಹಸಿರಿನತ್ತ ತಿರುಗುವುದೂ ಇದರಿಂದಲೇ.

ಹಾಗಾದರೆ ಬಣ್ಣ ಬದಲಾದರೆ ರಾಸಾಯನಿಕ ಬದಲಾವಣೆ ಅನ್ನಬಹುದೇ? ಅಷ್ಟೇ ಸಾಲದು. ನೀರಿಗೆ ಶಾಯಿ ಹಾಕಿದರೂ ಬಣ್ಣ ಬರುತ್ತದೆ, ಹೊಸ ವಸ್ತು ಹುಟ್ಟುವುದಿಲ್ಲ. ಗುಳ್ಳೆ ಎದ್ದರೂ ಅಷ್ಟೇ ಸಾಲದು: ನೀರು ಕುದಿಯುವಾಗ ಏಳುವ ಗುಳ್ಳೆಯೊಳಗೆ ಇರುವುದು ನೀರಿನ ಆವಿಯೇ. ಆದರೆ ಅಡುಗೆ ಸೋಡಾದ ಮೇಲೆ ನಿಂಬೆರಸ ಹಿಂಡಿ: ಬುಸ್ಸೆಂದು ಏಳುವುದು ಹೊಸದಾಗಿ ಹುಟ್ಟಿದ ಇಂಗಾಲದ ಡೈಆಕ್ಸೈಡ್. ಅದನ್ನು ಸುಣ್ಣದ ತಿಳಿನೀರಿಗೆ ಹಾಯಿಸಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಆಗ ಅನುಮಾನವೇ ಇಲ್ಲ.

ರಾಸಾಯನಿಕ ಬದಲಾವಣೆಯ ಲಕ್ಷಣಗಳ ಪಟ್ಟಿಯನ್ನು ಉರು ಹೊಡೆಸುವುದಕ್ಕಿಂತ "ಇಲ್ಲಿ ಹೊಸದಾಗಿ ಹುಟ್ಟಿದ್ದೇನು?" ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸಿದರೆ ಸಾಕು.

ಒಂದು ಎಚ್ಚರಿಕೆ: ಮೈಲುತುತ್ತ ವಿಷ. ಶಿಕ್ಷಕರು ಪಕ್ಕದಲ್ಲಿದ್ದಾಗಲೇ ಮಾಡಿ, ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.