ಬರಿಗೈ ಅಭ್ಯರ್ಥಿಯ ಖರ್ಚಿನ ಲೆಕ್ಕ

ಮುಳಬಾಗಿಲು ತಾಲ್ಲೂಕಿನ ಕುರುಡುಮಲೆ ಗಣಪನಿಗೆ ಕೈಮುಗಿದು ಚುನಾವಣಾ ಯಾತ್ರೆ ಹೊರಡುವುದು ರಾಜ್ಯದ ದೊಡ್ಡ ಪಕ್ಷಗಳಿಗೆ ರೂಢಿಯಾಗಿಬಿಟ್ಟಿದೆ. 1999ರಲ್ಲಿ ಎಸ್.ಎಂ. ಕೃಷ್ಣ ಅವರ ಪಾಂಚಜನ್ಯ ಹೊರಟದ್ದು ಇಲ್ಲಿಂದ. 2022ರಲ್ಲಿ ಜೆಡಿಎಸ್‌ನ ಪಂಚರತ್ನ ರಥ ಹೊರಟದ್ದೂ ಇದೇ ಮುಳಬಾಗಿಲಿನಿಂದ. ರಥ, ಕ್ರೇನಿನಲ್ಲಿ ತೂಗುವ ಸೇಬಿನ ಹಾರ, ಬೈಕ್ ರ‍್ಯಾಲಿ ಇವೆಲ್ಲ ಇಲ್ಲದೆ ಒಬ್ಬ ದಲಿತ ಸಂಘಟನೆಯ ಕಾರ್ಯಕರ್ತನೋ, ಟೊಮೆಟೊ ಬೆಳೆಗಾರನೋ, ಅಂಗನವಾಡಿ ಕಾರ್ಯಕರ್ತೆಯರ ಹೋರಾಟದಲ್ಲಿ ಪಳಗಿದ ಹೆಣ್ಣುಮಗಳೋ ಕೋಲಾರ ಸೀಮೆಯಲ್ಲಿ ವಿಧಾನಸಭೆಗೆ ನಿಂತರೆ ಏನೇನು ಮಾಡಬೇಕಾಗುತ್ತದೆ? ಹಣ ಎಲ್ಲಿ ತಡೆಯುತ್ತದೆ, ಕಾನೂನು ಎಲ್ಲಿ ಕೈ ಹಿಡಿಯುತ್ತದೆ?

ಒಳಗೆ ಕಾಲಿಡುವುದು ಅಗ್ಗ. ವಿಧಾನಸಭೆಗೆ ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5,000. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರನಿಗೆ ಹತ್ತು ಜನ ಬೇಕು. ಹತ್ತೂ ಮಂದಿ ಅದೇ ಕ್ಷೇತ್ರದ ಮತದಾರರಾಗಿರಬೇಕು. ಕೋಲಾರ ನಗರದಲ್ಲಿ ವಾಸವಿದ್ದು ಓಟು ಮಾತ್ರ ಬಂಗಾರಪೇಟೆಯಲ್ಲಿ ಉಳಿಸಿಕೊಂಡ ಗೆಳೆಯನ ಸಹಿ ಕೋಲಾರದ ನಾಮಪತ್ರಕ್ಕೆ ನಡೆಯುವುದಿಲ್ಲ. ಒಬ್ಬ ಅಭ್ಯರ್ಥಿ ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದಾದ್ದರಿಂದ ಬೇರೆ ಬೇರೆ ಹತ್ತು ಸೂಚಕರನ್ನು ಹಿಡಿದು ಎರಡನ್ನಾದರೂ ಕೊಡುವುದು ಜಾಣತನ. ಪ್ರಮಾಣಪತ್ರದಲ್ಲಿ ಯಾವ ಅಂಕಣವನ್ನೂ ಖಾಲಿ ಬಿಡಬಾರದು. ಆಸ್ತಿ ಇಲ್ಲದಿದ್ದರೆ 'ಇಲ್ಲ' ಎಂದೇ ಬರೆಯಬೇಕು. ಅಂಕಣ ಖಾಲಿ ಬಿಟ್ಟ ಪ್ರಮಾಣಪತ್ರದ ಮೇಲೆ ನಾಮಪತ್ರ ತಿರಸ್ಕರಿಸಬಹುದು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಕಾಗದ ಪತ್ರ ಬಡವನಿಗೆ ಮಾತ್ರ ತೊಡಕು ಎಂದುಕೊಳ್ಳಬೇಡಿ. 2018ರಲ್ಲಿ ಮುಳಬಾಗಿಲು ಮೀಸಲು ಕ್ಷೇತ್ರದಲ್ಲಿ ಕಾಂಗ್ರೆಸ್‌ನ ಕೊತ್ತೂರು ಮಂಜುನಾಥ್ ಅವರ ನಾಮಪತ್ರವೇ ಜಾತಿ ಪ್ರಮಾಣಪತ್ರದ ಕಾರಣಕ್ಕೆ ಬಿದ್ದುಹೋಯಿತು.

ಅದರ ಮುಂದಿನ ಕಥೆ ಈ ಜಿಲ್ಲೆಯ ಬಗ್ಗೆ ಬಹಳ ಹೇಳುತ್ತದೆ. ಅಭ್ಯರ್ಥಿಯಿಲ್ಲದ ಕಾಂಗ್ರೆಸ್ ಪಕ್ಷೇತರ ಎಚ್. ನಾಗೇಶ್ ಅವರ ಬೆನ್ನಿಗೆ ನಿಂತಿತು, ಅವರು ಗೆದ್ದರು. 2019ರಲ್ಲಿ ಕುಮಾರಸ್ವಾಮಿ ಸಂಪುಟದಲ್ಲಿ ಸಚಿವರಾದರು, ಅದೇ ವರ್ಷ ಯಡಿಯೂರಪ್ಪ ಸಂಪುಟದಲ್ಲಿ ಅಬಕಾರಿ ಸಚಿವರೂ ಆದರು. ಪಕ್ಷೇತರರನ್ನು ಗೆಲ್ಲಿಸುವುದು ಕೋಲಾರಕ್ಕೆ ಹೊಸದೇನಲ್ಲ. ಕೋಲಾರದಲ್ಲಿ ವರ್ತೂರು ಪ್ರಕಾಶ್ 2008 ಮತ್ತು 2013ರಲ್ಲಿ, ಮುಳಬಾಗಿಲಿನಲ್ಲಿ ಕೊತ್ತೂರು ಮಂಜುನಾಥ್ 2013ರಲ್ಲಿ ಪಕ್ಷೇತರರಾಗಿಯೇ ಗೆದ್ದವರು. ಮಾಲೂರಿನಲ್ಲಿ 2023ರಲ್ಲಿ ಪಕ್ಷೇತರ ಹೂಡಿ ವಿಜಯಕುಮಾರ್ ಗೆದ್ದವರಿಗಿಂತ ಸ್ವಲ್ಪವೇ ಹಿಂದಿದ್ದರು. ಹಾಗಾಗಿ ಇಲ್ಲಿನ ಮತದಾರರಿಗೆ ಪಕ್ಷದ ಚಿಹ್ನೆಯೇ ಬೇಕು ಎಂಬ ಹಟವಿಲ್ಲ. ಆದರೆ ಪಕ್ಷೇತರ ಎಂದರೆ ಬರಿಗೈಯವನು ಎಂದಲ್ಲ. ಪಕ್ಷವಿಲ್ಲದೆ ಗೆಲ್ಲಬೇಕಾದರೆ ಪಕ್ಷ ಮಾಡುವ ಖರ್ಚನ್ನೂ ತಾನೇ ಹೊರಬೇಕು, ಅದನ್ನು ಹೊರಬಲ್ಲವರು ಎಷ್ಟು ಜನ? ಹಣವಿಲ್ಲದವನು ಪಕ್ಷೇತರರ ಈ ಗೆಲುವಿನ ಪಟ್ಟಿ ನೋಡಿ ಹುಮ್ಮಸ್ಸು ತಂದುಕೊಂಡರೆ ಕೆಟ್ಟ.

ಖರ್ಚು ಎಂದೊಡನೆ ಮತದಾನದ ಹಿಂದಿನ ರಾತ್ರಿಯ ಲಕೋಟೆ ನೆನಪಾಗುತ್ತದೆ. ನಿಜವಾದ ಹೂಡಿಕೆ ಅದಕ್ಕಿಂತ ವರ್ಷಗಳ ಹಿಂದೆಯೇ ನಡೆದಿರುತ್ತದೆ. ಡಿಸೆಂಬರ್ ಬಂತೆಂದರೆ ಕೋಲಾರದ ಹಳ್ಳಿಗಳಲ್ಲಿ ಕೆಂಪು ಸೀರೆ ಉಟ್ಟು ಓಂ ಶಕ್ತಿ ಮಾಲೆ ಹಾಕಿದ ಹೆಣ್ಣುಮಕ್ಕಳು ತಮಿಳುನಾಡಿನ ಮೇಲ್‌ಮರುವತ್ತೂರಿಗೆ ಹೊರಡುತ್ತಾರೆ. "ಈ ಸಲ ಬಸ್ಸು ಯಾರು ಬಿಡ್ತಾರೆ?" ಎಂಬುದು ಆ ದಿನಗಳ ಸಹಜ ಪ್ರಶ್ನೆ. ಟಿಕೆಟ್ ಆಕಾಂಕ್ಷಿಗಳು ಬಸ್ಸು ಬಿಡುತ್ತಾರೆ, ಕಿಟಕಿಯ ಮೇಲೆ ಅಣ್ಣನ ಫೋಟೊ ಇರುತ್ತದೆ. ಆಮೇಲೆ ಊರಹಬ್ಬಕ್ಕೆ ಆರ್ಕೆಸ್ಟ್ರಾ, ಗುಡಿಗೆ ಕಬ್ಬಿಣ ಸಿಮೆಂಟು, ಕ್ರಿಕೆಟ್ ಟೂರ್ನಿಗೆ ಕಪ್ಪು, ಸಾವಿನ ಮನೆಗೆ ಐದು ಸಾವಿರ. ಕಾನೂನು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 77ನೇ ಕಲಮಿನ ಪ್ರಕಾರ ಅಭ್ಯರ್ಥಿಯ ಖರ್ಚು ಎಣಿಸುವುದು ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶದ ದಿನದವರೆಗೆ ಮಾತ್ರ. ಡಿಸೆಂಬರಿನ ಬಸ್ಸು ಮೇ ತಿಂಗಳ ಚುನಾವಣೆಯ ಲೆಕ್ಕಪುಸ್ತಕದಲ್ಲಿ ಬರುವುದೇ ಇಲ್ಲ.

ಹಣ ಹಾಕುವವರಿಗೆ ಅದರ ಹಿಂದೆ ಬೇರೆ ಲೆಕ್ಕವಿದೆ. ಬೆಂಗಳೂರಿನ ಅಂಚು ಹೊಸಕೋಟೆ ದಾಟಿ ಮಾಲೂರು, ನರಸಾಪುರ, ವೇಮಗಲ್‌ವರೆಗೂ ಬಂದಿದೆ. ಲೇಔಟು, ಭೂಪರಿವರ್ತನೆ, ಕೈಗಾರಿಕಾ ಪ್ರದೇಶದ ಗುತ್ತಿಗೆ ಎಲ್ಲಕ್ಕೂ ಶಾಸಕರ ಒಂದು ಮಾತು ಬೆಲೆಬಾಳುತ್ತದೆ. ಜಲ್ಲಿ ಕ್ರಷರ್, ಕಲ್ಲು ಕ್ವಾರಿ, ಮರಳು ಇವುಗಳ ಕಥೆ ಈ ಜಿಲ್ಲೆಗೆ ಬಿಡಿಸಿ ಹೇಳಬೇಕಿಲ್ಲ. ಜಿಲ್ಲಾಧಿಕಾರಿಯಾಗಿದ್ದ ಡಿ.ಕೆ. ರವಿ ಅವರನ್ನು 2014ರಲ್ಲಿ ಇಲ್ಲಿಂದ ವರ್ಗ ಮಾಡಿದಾಗ ಜನ ಬೀದಿಗಿಳಿದದ್ದು ಅವರು ಮರಳು ದಂಧೆ ಮತ್ತು ಒತ್ತುವರಿಯ ಮೇಲೆ ಕೈ ಹಾಕಿದ್ದರೆಂಬ ಕಾರಣಕ್ಕೇ. ಇನ್ನು ಹಾಲು ಒಕ್ಕೂಟ, ಡಿಸಿಸಿ ಬ್ಯಾಂಕು. ಇವುಗಳ ನಿರ್ದೇಶಕರನ್ನು ಆರಿಸುವುದು ಊರೂರಿನ ಸಂಘಗಳು ಕಳಿಸುವ ಪ್ರತಿನಿಧಿಗಳು, ವಿಧಾನಸಭೆಗೆ ಹೋಲಿಸಿದರೆ ಒಂದೊಂದು ಕ್ಷೇತ್ರಕ್ಕೆ ತೀರ ಕಡಿಮೆ ಓಟು. ಬೇಕಾದಷ್ಟು ಪ್ರತಿನಿಧಿಗಳನ್ನು ರೆಸಾರ್ಟಿಗೆ ಕರೆದೊಯ್ದರೆ ಕೆಲಸ ಮುಗಿಯಿತು. ಹೀಗೆ ಗೆದ್ದವರ ಕೈಗೆ ಹಳ್ಳಿ ಹಳ್ಳಿಯ ಡೇರಿ ಕಾರ್ಯದರ್ಶಿ ಸಿಗುತ್ತಾನೆ, ಸ್ತ್ರೀಶಕ್ತಿ ಸಂಘದ ಸಾಲದ ಪಟ್ಟಿ ಸಿಗುತ್ತದೆ. ಬರಿಗೈ ಅಭ್ಯರ್ಥಿ ಎದುರಿಸಬೇಕಾದ್ದು ಈ ಜಾಲವನ್ನು.

ಈಗ ಮಿತಿಯ ವಿಷಯ. 2022ರಿಂದ ನಮ್ಮ ರಾಜ್ಯದಲ್ಲಿ ವಿಧಾನಸಭಾ ಅಭ್ಯರ್ಥಿ 40 ಲಕ್ಷ ರೂಪಾಯಿವರೆಗೆ ಖರ್ಚು ಮಾಡಬಹುದು, ಅದಕ್ಕೂ ಮೊದಲು 30.8 ಲಕ್ಷ ಇತ್ತು. ಕೋಲಾರ ಜಿಲ್ಲೆಯ ಒಂದು ಕ್ಷೇತ್ರದಲ್ಲಿ ಸುಮಾರು 2 ಲಕ್ಷ ಮತದಾರರೆಂದರೆ ತಲೆಗೆ 20 ರೂಪಾಯಿ. ಒಂದು ಲಕ್ಷ ಓಟಿಗೆ ತಲಾ 500 ರೂಪಾಯಿ ಹಂಚಿದರೆ ಅದೇ 5 ಕೋಟಿ. ಅಂದರೆ ಹಂಚುವವನು ಮಿತಿಯನ್ನು ಸ್ವಲ್ಪ ಮೀರುತ್ತಾನೆ ಎಂದಲ್ಲ, ಅವನ ಲೆಕ್ಕವೇ ಬೇರೆ ಪುಸ್ತಕದಲ್ಲಿರುತ್ತದೆ. ಇದರ ಮೇಲೆ, ಅಭ್ಯರ್ಥಿಗೆ ಮಿತಿ ಇದೆ, ಪಕ್ಷಕ್ಕಿಲ್ಲ. ಮಾನ್ಯತೆ ಪಡೆದ ಪಕ್ಷ 40 ಜನ ತಾರಾ ಪ್ರಚಾರಕರನ್ನು ಹೆಸರಿಸಿದರೆ ಅವರ ಹೆಲಿಕಾಪ್ಟರ್ ಓಡಾಟ ಅಭ್ಯರ್ಥಿಯ ತಲೆಗೆ ಬರುವುದಿಲ್ಲ. ಪಕ್ಷೇತರನಿಗೆ ತಾರಾ ಪ್ರಚಾರಕರೇ ಇಲ್ಲ, ಅವನು ತರಿಸಿದ ಆಟೊ ಮೈಕಿನ ಬಾಡಿಗೆಯೂ ಅವನ ಖಾತೆಗೇ ಸೇರುತ್ತದೆ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ರದ್ದುಮಾಡಿ ದೊಡ್ಡ ದಾನಿಗಳ ಹೆಸರು ಹೊರಬೀಳುವಂತೆ ಮಾಡಿತು ನಿಜ. ಪಕ್ಷದ ಖರ್ಚಿಗೆ ಗೆರೆ ಎಳೆಯುವ ಕಾನೂನು ಮಾತ್ರ ಇನ್ನೂ ಬಂದಿಲ್ಲ.

ಲೆಕ್ಕ ಬರೆಯುವುದು ಹೇಗೆಂದು ಒಮ್ಮೆ ಹತ್ತಿರದಿಂದ ನೋಡಬೇಕು. ನಾಮಪತ್ರಕ್ಕೆ ಒಂದು ದಿನ ಮುಂಚೆಯಾದರೂ ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆದಿರಬೇಕು. ಚುನಾವಣಾಧಿಕಾರಿ ಕೊಡುವ ರಿಜಿಸ್ಟರಿನಲ್ಲಿ ಮೂರು ಬಣ್ಣದ ಹಾಳೆ: ದಿನದ ಖರ್ಚಿಗೆ ಬಿಳಿ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಯಾರಿಂದಲೇ ಆಗಲಿ 10,000 ರೂಪಾಯಿ ಮೀರಿದ ಹಣವನ್ನು ನಗದಾಗಿ ಪಡೆಯುವಂತಿಲ್ಲ, ಕೊಡುವಂತೆಯೂ ಇಲ್ಲ. ಟೀ, ಇಡ್ಲಿ, ಪ್ಲಾಸ್ಟಿಕ್ ಕುರ್ಚಿ, ಶಾಮಿಯಾನ, ಹೂವಿನ ಹಾರ ಒಂದೊಂದಕ್ಕೂ ಜಿಲ್ಲಾ ಚುನಾವಣಾಧಿಕಾರಿ ದರಪಟ್ಟಿ ಹೊರಡಿಸುತ್ತಾರೆ. ಎದುರಾಳಿಯ ಸಭೆಯಲ್ಲಿ ಎಷ್ಟು ಕುರ್ಚಿ ಹಾಕಿದ್ದರು ಎಂಬುದನ್ನು ವಿಡಿಯೊ ತಂಡ ಚಿತ್ರೀಕರಿಸುತ್ತದೆ, ಅದನ್ನು ನೋಡಿ ಛಾಯಾ ರಿಜಿಸ್ಟರಿನಲ್ಲಿ ಬರೆದಿಡುತ್ತಾರೆ. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಸಲ ಅಭ್ಯರ್ಥಿಯ ಪುಸ್ತಕವನ್ನು ಇದರೊಂದಿಗೆ ತಾಳೆ ನೋಡುತ್ತಾರೆ. ಬರಿಗೈ ಅಭ್ಯರ್ಥಿಗೆ ಮುಚ್ಚಿಡುವುದೇನೂ ಇಲ್ಲದ್ದರಿಂದ ಈ ಪುಸ್ತಕವನ್ನೇ ಊರ ಅರಳಿಕಟ್ಟೆಯಲ್ಲಿ ದಿನಾ ಓದಿ ಹೇಳಬಹುದು. ಕರಪತ್ರಕ್ಕಿಂತ ಪರಿಣಾಮಕಾರಿ ಪ್ರಚಾರ ಅದು, ಖರ್ಚೂ ಇಲ್ಲ.

ಹಣ ಎತ್ತುವುದಕ್ಕೆ ಕನ್ನಡನಾಡಿನಲ್ಲೇ ಹಳೆಯ ದಾರಿಯಿದೆ. ಗೇಣಿದಾರರ ಕಾಗೋಡು ಸತ್ಯಾಗ್ರಹದ ಮರುವರ್ಷ, 1952ರಲ್ಲಿ, ಸಮಾಜವಾದಿ ಶಾಂತವೇರಿ ಗೋಪಾಲಗೌಡರು 'ಒಂದು ವೋಟು, ಒಂದು ನೋಟು' ಎಂದು ಮತದಾರರಿಂದಲೇ ಕೇಳಿ ಸಾಗರ-ಹೊಸನಗರದಿಂದ ಗೆದ್ದರು. ಅಲ್ಲಿ ನೋಟು ಕೊಟ್ಟವನು ಗೇಣಿದಾರ, ಪಡೆದವನು ಅಭ್ಯರ್ಥಿ. ರೈತಸಂಘದ ಕೆ.ಎಸ್. ಪುಟ್ಟಣ್ಣಯ್ಯ 2013ರಲ್ಲಿ ಮೇಲುಕೋಟೆಯಲ್ಲಿ ಗೆದ್ದದ್ದರಲ್ಲೂ ಜನರ ಚಂದಾ ಹಣದ ಪಾಲಿತ್ತು. ಆದರೆ ಎರಡೂ ಕಡೆ ನೋಟಿಗಿಂತ ಮೊದಲು ಚಳವಳಿ ಇತ್ತು ಎಂಬುದನ್ನು ಮರೆಯುವವರೇ ಹೆಚ್ಚು. ಭ್ರಷ್ಟಾಚಾರದ ವಿರುದ್ಧ ಮಾತಾಡಿ 2023ರಲ್ಲಿ ಬಹುಪಾಲು ಕ್ಷೇತ್ರಗಳಲ್ಲಿ ನಿಂತ ಕರ್ನಾಟಕ ರಾಷ್ಟ್ರ ಸಮಿತಿಗೆ ಒಂದು ಸ್ಥಾನವೂ ಬರಲಿಲ್ಲ. ಪ್ರಾಮಾಣಿಕ ಎಂಬ ಹೆಸರೊಂದೇ ಓಂ ಶಕ್ತಿ ಬಸ್ಸಿಗೆ ಎದುರಾಗಿ ನಿಲ್ಲಲಾರದು. ಡೇರಿಯಲ್ಲಿ ಫ್ಯಾಟು ಕಡಿಮೆ ಹಾಕಿದಾಗ ಕೇಳಿದವನು, ಕೋಲಾರ ಎಪಿಎಂಸಿಯಲ್ಲಿ ಮಂಡಿಯವರು ಕಮಿಷನ್ ಹೆಚ್ಚು ಮುರಿದುಕೊಂಡಾಗ ಜಗಳಕ್ಕೆ ನಿಂತವನು, ಬೆಂಗಳೂರಿನಿಂದ ಸಂಸ್ಕರಿಸಿ ಕಳಿಸುವ ಕೆ.ಸಿ. ವ್ಯಾಲಿ ನೀರು ತಮ್ಮ ಕೆರೆಗೂ ಬರಲಿ, ಶುದ್ಧವಾಗಿ ಬರಲಿ ಎಂದು ಕಚೇರಿ ಅಲೆದವನು ನಿಂತರೆ ಮಾತು ಬೇರೆ.

ಅಂಥವನು ಶುರುಮಾಡಬೇಕಾದ್ದು ಗ್ರಾಮ ಪಂಚಾಯಿತಿಯಿಂದ. ಅಲ್ಲಿ ಪಕ್ಷದ ಚಿಹ್ನೆಯಿಲ್ಲ, ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಕಾಲ್ನಡಿಗೆಯಲ್ಲೇ ಪ್ರಚಾರ ಮುಗಿಯುತ್ತದೆ. ತೊಂದರೆ ಅದರ ಮೇಲಿನ ಮೆಟ್ಟಿಲಿನದು. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ನಡೆಯಲೇ ಇಲ್ಲ. ಪಂಚಾಯಿತಿ ಸದಸ್ಯ ನೇರವಾಗಿ ವಿಧಾನಸಭೆಗೆ ಜಿಗಿಯಬೇಕಾದರೆ ದುಡ್ಡಿನ ಹೆಗಲೇ ಬೇಕಾಗುತ್ತದೆ. ಈ ವಿಳಂಬಕ್ಕೆ ಕಾರಣ ಕೊಟ್ಟ ಸರ್ಕಾರಗಳೆಲ್ಲ ಇದನ್ನು ಅರಿಯದೆ ಮಾಡಿದವೆಂದು ನನಗೆ ಅನಿಸುವುದಿಲ್ಲ.

ಚಿಹ್ನೆಯೂ ತಡವಾಗಿಯೇ ಸಿಗುತ್ತದೆ. ಪಕ್ಷೇತರ ಮುಕ್ತ ಚಿಹ್ನೆಗಳಲ್ಲಿ ಮೂರನ್ನು ಆದ್ಯತೆಯಂತೆ ಬರೆದುಕೊಡಬೇಕು, ಹಂಚಿಕೆಯಾಗುವುದು ನಾಮಪತ್ರ ವಾಪಸಿನ ದಿನ ಮುಗಿದ ಮೇಲೆ. ಅಲ್ಲಿಂದ ಪ್ರಚಾರಕ್ಕೆ ಎರಡು ವಾರ. ಮತಯಂತ್ರದಲ್ಲಿ ಮಾನ್ಯ ಪಕ್ಷಗಳವರ ಹೆಸರು ಮೇಲೆ, ಪಕ್ಷೇತರರದು ಕೆಳಗೆ. ಅದೇ ಹೆಸರಿನ ಇನ್ನೊಬ್ಬನನ್ನು ಎದುರಾಳಿ ಕಣಕ್ಕಿಳಿಸಿದರೆ ಓಟು ಒಡೆಯುತ್ತದೆ. ಯಂತ್ರದ ಮೇಲೆ ಫೋಟೊ ಬಂದಿದ್ದರಿಂದ ಈ ಕಾಟ ಸ್ವಲ್ಪ ತಗ್ಗಿದೆ. ಚುನಾವಣಾ ದಿನಗಳಲ್ಲಿ ಕುಕ್ಕರು, ಕೂಪನ್ನು ಹಂಚುವುದು ಕಣ್ಣಿಗೆ ಬಿದ್ದರೆ ಸಿ-ವಿಜಿಲ್ ಆ್ಯಪ್‌ನಲ್ಲಿ ಸ್ಥಳದಿಂದಲೇ ಫೋಟೊ ತೆಗೆದು ಕಳಿಸಬೇಕು, ಫೋನಿನಲ್ಲಿದ್ದ ಹಳೆಯ ಚಿತ್ರವನ್ನು ಅದು ತೆಗೆದುಕೊಳ್ಳುವುದಿಲ್ಲ. ಹೆಸರು ಹೇಳದೆಯೂ ದೂರು ಕೊಡಬಹುದು, 100 ನಿಮಿಷದೊಳಗೆ ಕ್ರಮವಾಗಬೇಕೆಂಬುದು ನಿಯಮ. ಹಳ್ಳಿಯಲ್ಲಿ ಪಕ್ಕದ ಮನೆಯವರ ಮೇಲೆ ದೂರು ಕೊಟ್ಟು ಬಾಳುವುದು ಸುಲಭವಲ್ಲ, ಹೆಸರಿಲ್ಲದ ದೂರಿಗೆ ಅದಕ್ಕೇ ಬೆಲೆ.

ಕೊನೆಗೆ ಎಲ್ಲ ಬಂದು ನಿಲ್ಲುವುದು ಬೂತಿನಲ್ಲಿ. ಒಂದು ಕ್ಷೇತ್ರಕ್ಕೆ ಇನ್ನೂರಕ್ಕೂ ಹೆಚ್ಚು ಮತಗಟ್ಟೆ. ಪ್ರತಿ ಬೂತಿಗೂ ಬೆಳಗಿನಿಂದ ಸಂಜೆವರೆಗೆ ಕೂರುವ, ಮಧ್ಯಾಹ್ನದ ಬಿರಿಯಾನಿಗೆ ಮನಸೋಲದ ಏಜೆಂಟ್ ಬೇಕು. ಮತದಾನ ಮುಗಿದಾಗ ಅಲ್ಲಿ ಬಿದ್ದ ಓಟಿನ ಲೆಕ್ಕವಿರುವ 17-ಸಿ ನಮೂನೆಯ ಪ್ರತಿಯನ್ನು ಅವನು ಕೇಳಿ ಪಡೆಯಲೇಬೇಕು. ಯಾಕೆಂದರೆ 2023ರಲ್ಲಿ ಮಾಲೂರಿನಲ್ಲಿ ಕಾಂಗ್ರೆಸ್‌ನ ಕೆ.ವೈ. ನಂಜೇಗೌಡರು ಬಿಜೆಪಿಯ ಕೆ.ಎಸ್. ಮಂಜುನಾಥಗೌಡರ ಎದುರು ಗೆದ್ದದ್ದು ಬರೀ 248 ಮತಗಳಿಂದ. ಎಣಿಕೆಯ ತಕರಾರು ಹೈಕೋರ್ಟಿಗೆ ಹೋಯಿತು. 2025ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಆಯ್ಕೆಯನ್ನು ಅಸಿಂಧುಗೊಳಿಸಿ ಮರು ಎಣಿಕೆಗೆ ಆದೇಶಿಸಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅಸಿಂಧು ಆದೇಶಕ್ಕೆ ತಡೆ ಕೊಟ್ಟು, ಮರು ಎಣಿಕೆ ನಡೆಸಿ ಫಲಿತಾಂಶವನ್ನು ಮುಚ್ಚಿದ ಲಕೋಟೆಯಲ್ಲಿ ಕೊಡಿ ಎಂದಿತು. ಇಂಥ ಅಂತರವಿರುವ ಕಡೆ ಎರಡು ಸಾವಿರ ಓಟು ಹಿಡಿದಿರುವ ಬರಿಗೈಯವನ ಮಾತನ್ನೂ ದೊಡ್ಡವರು ಕೇಳಿಸಿಕೊಳ್ಳುತ್ತಾರೆ, ಠೇವಣಿ ಹೋದರೂ ಸರಿ. ಅಂದಹಾಗೆ ಠೇವಣಿ ಉಳಿಯಲು ಸಿಂಧು ಮತಗಳ ಆರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಕು.

ಸೋತವನ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸದಿದ್ದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಸಣ್ಣ ಅಭ್ಯರ್ಥಿಗಳು ಬೇಸರದಲ್ಲಿ ಮರೆತು ಸಿಕ್ಕಿಬೀಳುವುದು ಇಲ್ಲೇ. ಗೆದ್ದವರೂ ಅದೇ 30 ದಿನದಲ್ಲಿ ಲೆಕ್ಕ ಕೊಡಬೇಕು. ಅದನ್ನು ಜಿಲ್ಲಾ ಚುನಾವಣಾಧಿಕಾರಿಯ ಕಚೇರಿಯಲ್ಲಿ ಯಾರು ಬೇಕಾದರೂ ನೋಡಬಹುದು, ನಿಯಮದಲ್ಲಿ ಬರೆದಿರುವ ಶುಲ್ಕ ಒಂದು ರೂಪಾಯಿ. ಚುನಾವಣಾ ತಕರಾರು ಅರ್ಜಿಗೆ ಆಯ್ಕೆ ಘೋಷಣೆಯಾದ ದಿನದಿಂದ 45 ದಿನ ಅವಕಾಶ. ಅದನ್ನು ಅಭ್ಯರ್ಥಿಯಷ್ಟೇ ಅಲ್ಲ, ಆ ಕ್ಷೇತ್ರದ ಯಾವ ಮತದಾರನಾದರೂ ಹಾಕಬಹುದು, ಹೈಕೋರ್ಟಿನಲ್ಲಿ 2,000 ರೂಪಾಯಿ ಭದ್ರತೆ ಇಡಬೇಕು. ಗೆದ್ದವರು ಕೊನೆಯ ದಿನದವರೆಗೂ ಕಾದು ಲೆಕ್ಕ ಕೊಟ್ಟರೆ, ಅದನ್ನು ನೋಡಿ, ತಮ್ಮ ಬಳಿಯಿರುವ ಫೋಟೊ, ಬಿಲ್ಲುಗಳ ಜೊತೆ ತಾಳೆ ಹಾಕಿ, ವಕೀಲರನ್ನು ಹಿಡಿಯಲು ಉಳಿಯುವುದು ಸುಮಾರು ಹದಿನೈದು ದಿನ.